ಕಾರ್ಖಾನೆಗೆ ಸಾವಿರಾರು ಕೋಟಿ, ಪ್ರಯೋಗಾಲಯಕ್ಕೆ ಚಿಲ್ಲರೆ: ಪರ್ಯಾಯ ಇಂಧನ ಸಂಶೋಧನೆಯ ಖರ್ಚು ಯಾರ ಪಾಲಿಗೆ?

2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಎಲ್ಲರ ಬಾಯಲ್ಲೂ ಓಡಾಡಿದ ಅಂಕಿ 19,744 ಕೋಟಿ ರೂಪಾಯಿ. ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಿದವರು ಕಡಿಮೆ. ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರದ, ಅಂದರೆ ಎಲೆಕ್ಟ್ರೊಲೈಸರ್‌ನ, ತಯಾರಕರಿಗೆ ಮತ್ತು ಹೈಡ್ರೋಜನ್ ಉತ್ಪಾದಕರಿಗೆ ಪ್ರೋತ್ಸಾಹಧನವಾಗಿ 17,490 ಕೋಟಿ, ಪ್ರಾಯೋಗಿಕ ಯೋಜನೆಗಳಿಗೆ 1,466 ಕೋಟಿ, ಸಂಶೋಧನೆ ಮತ್ತು ಅಭಿವೃದ್ಧಿಗೆ 400 ಕೋಟಿ. ನೂರು ರೂಪಾಯಿ ಖರ್ಚಿನಲ್ಲಿ ಸಂಶೋಧನೆಗೆ ಸಿಕ್ಕಿದ್ದು ಎರಡು ರೂಪಾಯಿ.

ಸೌರಶಕ್ತಿಯ ಲೆಕ್ಕ ಇನ್ನೂ ಬಿಗಿ. ದೇಶದಲ್ಲೇ ಸೌರ ಫಲಕ ತಯಾರಿಸುವವರಿಗೆ ಕೊಡುವ ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ, ಅಂದರೆ ಎಲ್ಲರೂ ಪಿಎಲ್‌ಐ ಎನ್ನುವ ಯೋಜನೆಗೆ, ಎರಡು ಕಂತಿನಲ್ಲಿ 24,000 ಕೋಟಿ ಎತ್ತಿಡಲಾಯಿತು. ನವೀಕರಿಸಬಹುದಾದ ಇಂಧನ ಸಚಿವಾಲಯದ ಸಂಶೋಧನಾ ಕಾರ್ಯಕ್ರಮಕ್ಕೆ 2021ರಿಂದ 2026ರವರೆಗೆ, ಐದು ವರ್ಷಕ್ಕೆ, ಇಟ್ಟಿದ್ದು 228 ಕೋಟಿ. ಅದೂ ಸೌರ, ಗಾಳಿ, ಜೈವಿಕ ಇಂಧನ ಎಲ್ಲಕ್ಕೂ ಸೇರಿ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಕೇಂದ್ರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಪ್ರಯೋಗಾಲಯಗಳು ಬೇರೆ ಲೆಕ್ಕದಲ್ಲಿ ಖರ್ಚು ಮಾಡುತ್ತವೆ, ನಿಜ. ಅದನ್ನು ಕೂಡಿಸಿಕೊಂಡರೂ ತೂಕ ಯಾವ ಕಡೆ ವಾಲಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಪರ್ಯಾಯ ಇಂಧನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಸರ್ಕಾರ ಕೊಡಬೇಕೋ, ಖಾಸಗಿಯವರು ಹಾಕಬೇಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನಗೆ ಕಾಣುವ ತೊಡಕು ಬೇರೆ. ಸರ್ಕಾರವೂ ದೊಡ್ಡ ಮೊತ್ತ ಕೊಡುತ್ತಿದೆ, ಉದ್ಯಮವೂ ಬಂಡವಾಳ ಹೂಡುತ್ತಿದೆ. ಇಬ್ಬರ ಹಣವೂ ಸೇರಿ ಕೊಳ್ಳುತ್ತಿರುವುದು ಯಂತ್ರಗಳನ್ನು. ಆ ಯಂತ್ರ ಹಳತಾದಾಗ ಮುಂದಿನದನ್ನು ನಾವೇ ಮಾಡಿಕೊಳ್ಳುವ ತಿಳಿವಳಿಕೆ ಕೈಗೆ ಬರುತ್ತಿಲ್ಲ. ಸಾರ್ವಜನಿಕ ಹಣ ಕೊಡುವಾಗ ಅದನ್ನು ಕೇಳಿ ಪಡೆಯುವ ಅಧಿಕಾರ ಸರ್ಕಾರಕ್ಕಿದೆ. ಕೇಳುತ್ತಿಲ್ಲ.

ಸೌರಕೋಶ ನಡೆದು ಬಂದ ದಾರಿ

ಇವತ್ತು ಮನೆಯ ತಾರಸಿ ಮೇಲೆ ಕೂರುವ ಸೌರ ಫಲಕ ಯಾರ ದುಡ್ಡಿನಿಂದ ಬೆಳೆಯಿತು ಎಂದು ಹುಡುಕುತ್ತ ಹೋದರೆ ಒಂದೇ ಹೆಸರು ಸಿಗುವುದಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಸುಮಾರು ಶೇ. 6 ದಕ್ಷತೆಯ ಸಿಲಿಕಾನ್ ಸೌರಕೋಶವನ್ನು ತೋರಿಸಿದರು. ಸೆಕೆ, ತೇವ ಹೆಚ್ಚಿರುವ ಊರುಗಳಲ್ಲಿ ಟೆಲಿಫೋನ್ ಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಅದಕ್ಕೆ ಬದಲಿ ಹುಡುಕುವ ಕೆಲಸದಿಂದ ಇದೆಲ್ಲ ಶುರುವಾಗಿತ್ತು. ಬೆಲ್ ಲ್ಯಾಬ್ಸ್ ಖಾಸಗಿ ಸಂಸ್ಥೆ, ಹಾಗಾಗಿ ಇದು ಉದ್ಯಮದ ಸಾಧನೆ ಎಂದು ವಾದಿಸುವವರಿದ್ದಾರೆ. ಆದರೆ ಅದರ ಹಿಂದಿದ್ದ ಎಟಿ ಅಂಡ್ ಟಿ ಸರ್ಕಾರದ ನಿಯಂತ್ರಣದಲ್ಲಿದ್ದ ಏಕಸ್ವಾಮ್ಯದ ಕಂಪನಿ. ಅದಕ್ಕೆ ಲಾಭ ಖಾತ್ರಿಯಿತ್ತು. ಊರೂರಿನ ಫೋನ್ ಗ್ರಾಹಕರು ಕಟ್ಟುತ್ತಿದ್ದ ಬಿಲ್ಲಿನಿಂದ ಆ ಪ್ರಯೋಗಾಲಯ ನಡೆಯುತ್ತಿತ್ತು. ಪೈಪೋಟಿಯಲ್ಲಿ ಉಸಿರು ಕಟ್ಟಿದ ಕಂಪನಿಯೊಂದು ತನ್ನ ವಿಜ್ಞಾನಿಗಳನ್ನು ಅಷ್ಟು ನಿರಾಳವಾಗಿ ಕೆಲಸ ಮಾಡಲು ಬಿಟ್ಟಿರಲಾರದು.

ಕೋಶವೇನೋ ಬಂತು, ಕೊಳ್ಳುವವರಿರಲಿಲ್ಲ. ಅಷ್ಟು ದುಬಾರಿ ವಿದ್ಯುತ್ ಯಾರಿಗೆ ಬೇಕಿತ್ತು? 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಸೌರಕೋಶ ಹಾರಿತು. ಅಲ್ಲಿಂದ ಮುಂದೆ ಸುಮಾರು ಹದಿನೈದು ವರ್ಷ ಬಾಹ್ಯಾಕಾಶ ಯೋಜನೆಗಳೇ, ಅಂದರೆ ಸರ್ಕಾರವೇ, ಈ ತಂತ್ರಜ್ಞಾನದ ಮುಖ್ಯ ಗಿರಾಕಿ. ಸಂಶೋಧನೆಗೆ ಅನುದಾನ ಕೊಡುವುದಷ್ಟೇ ಸರ್ಕಾರದ ಪಾತ್ರ ಎಂದು ನಾವು ಭಾವಿಸುತ್ತೇವೆ. ಬೆಲೆ ದುಬಾರಿಯಿದ್ದಾಗಲೂ ಕೊಳ್ಳುವ ಮೊದಲ ಗಿರಾಕಿಯಾಗಿ ನಿಲ್ಲುವುದು ಅದಕ್ಕಿಂತ ದೊಡ್ಡ ನೆರವು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವ ಭಾಗ ಎಕ್ಸಾನ್ ಕಂಪನಿಯದು. 1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿಗೆ ಈ ತೈಲ ಕಂಪನಿಯ ಕೈಯಲ್ಲಿ ಎರಡು ಬೀಜಗಳಿದ್ದವು. ಒಂದು, ಅದು ಬಂಡವಾಳ ಹಾಕಿದ್ದ ಸೋಲಾರ್ ಪವರ್ ಕಾರ್ಪೊರೇಷನ್. ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ತಿರಸ್ಕರಿಸಿದ ಸಿಲಿಕಾನ್ ಬಿಲ್ಲೆಗಳನ್ನು ಬಳಸಿ, ವ್ಯಾಟಿಗೆ 100 ಡಾಲರ್ ಆಸುಪಾಸಿನಲ್ಲಿದ್ದ ದರವನ್ನು 20 ಡಾಲರಿಗೆ ಇಳಿಸಿದ್ದರು. ಸಮುದ್ರದ ತೈಲಬಾವಿಗಳ ಎಚ್ಚರಿಕೆ ದೀಪಗಳಿಗೆ ಆ ಫಲಕಗಳು ಮಾರಾಟವಾಗುತ್ತಿದ್ದವು. ಇನ್ನೊಂದು, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅದೇ ಎಕ್ಸಾನ್ ಪ್ರಯೋಗಾಲಯದಲ್ಲಿ ಕಟ್ಟಿದ ಲಿಥಿಯಂ ಬ್ಯಾಟರಿ. 2019ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಕೆಲಸ ಅದು. ಮುಂದಿನ ಶತಮಾನದ ವಿದ್ಯುತ್ ಉತ್ಪಾದನೆ, ಸಂಗ್ರಹ ಎರಡೂ ಒಂದೇ ಕಂಪನಿಯ ಮುಷ್ಟಿಯಲ್ಲಿತ್ತು. 1980ರ ದಶಕದಲ್ಲಿ ತೈಲದ ಬೆಲೆ ಇಳಿಯಿತು, ಕಂಪನಿ ಎರಡನ್ನೂ ಕೈಬಿಟ್ಟಿತು. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿಯಿಂದ ಬೇರೇನು ನಿರೀಕ್ಷಿಸಲು ಸಾಧ್ಯ? ಅದು ಕೆಟ್ಟ ಕಂಪನಿಯೆಂದಲ್ಲ. ಮೂವತ್ತು ವರ್ಷ ಕಾಯುವುದು ಯಾವ ಕಂಪನಿಯ ಜಾತಕದಲ್ಲೂ ಬರೆದಿರುವುದಿಲ್ಲ.

ಸರ್ಕಾರಗಳೂ ಇದೇ ತಪ್ಪು ಮಾಡಿವೆ ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ, 1977ರಲ್ಲಿ, ಕೊಲರಾಡೊದಲ್ಲಿ ಕೆಲಸ ಶುರು ಮಾಡಿದ ಸೌರಶಕ್ತಿ ಸಂಶೋಧನಾ ಸಂಸ್ಥೆಯ ಅನುದಾನವನ್ನು ರೇಗನ್ ಆಡಳಿತ ಬಂದೊಡನೆ ಕತ್ತರಿಸಿತು. ಅಮೆರಿಕ ಹಿಂದೆ ಸರಿದಾಗ ಜಪಾನ್ ಬಿಡಲಿಲ್ಲ. 1974ರಲ್ಲಿ ಆರಂಭಿಸಿದ ಸನ್‌ಶೈನ್ ಯೋಜನೆಯನ್ನು ಅದು ತೈಲ ಅಗ್ಗವಾದ ಮೇಲೂ ಮುಂದುವರಿಸಿತು. ಶಾರ್ಪ್, ಕ್ಯೋಸೆರಾದಂಥ ಕಂಪನಿಗಳು ಆ ನೆರಳಿನಲ್ಲಿ ಬೆಳೆದವು.

ಕಾಯುವುದೆಂದರೆ ಎಷ್ಟು ಕಾಲ ಎಂಬುದಕ್ಕೆ ಪರ್ಕ್ ಎಂಬ ಕೋಶ ವಿನ್ಯಾಸ ಒಳ್ಳೆಯ ಸಾಕ್ಷಿ. ಕೋಶದ ಹಿಂಬದಿಗೆ ತೆಳ್ಳನೆಯ ಪದರವೊಂದನ್ನು ಹೊದಿಸಿ, ವ್ಯರ್ಥವಾಗಿ ಹೋಗುತ್ತಿದ್ದ ಬೆಳಕನ್ನೂ ಎಲೆಕ್ಟ್ರಾನುಗಳನ್ನೂ ಉಳಿಸಿಕೊಳ್ಳುವ ಉಪಾಯ ಅದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ಇದನ್ನು ರೂಪಿಸಿತು. ಜಗತ್ತಿನ ಕಾರ್ಖಾನೆಗಳಲ್ಲಿ ಅದೇ ಮುಖ್ಯ ತಂತ್ರಜ್ಞಾನವಾದದ್ದು 2010ರ ದಶಕದ ಕೊನೆಗೆ. ನಡುವಿನ ಮೂರು ದಶಕ ಆ ಪ್ರಯೋಗಾಲಯವನ್ನು ಬಹುಪಾಲು ಸಾರ್ವಜನಿಕ ಹಣವೇ ಸಾಕಿತು. ಅಲ್ಲಿ ಓದಿದ ಷಿ ಝೆಂಗ್‌ರಾಂಗ್ 2001ರಲ್ಲಿ ಚೀನಾದ ವೂಶಿ ನಗರದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಆರಂಭದ ಬಂಡವಾಳದಲ್ಲಿ ಸ್ಥಳೀಯ ಸರ್ಕಾರಿ ಸಂಸ್ಥೆಗಳ ಪಾಲು ದೊಡ್ಡದು. ಆ ಹೊತ್ತಿಗೆ ಜರ್ಮನಿ 2000ದ ಕಾಯ್ದೆಯ ಮೂಲಕ ಸೌರ ವಿದ್ಯುತ್ತಿಗೆ 20 ವರ್ಷ ನಿಗದಿತ ಬೆಲೆಯ ಭರವಸೆ ಕೊಟ್ಟಿತ್ತು, ಅದರ ಹೊರೆಯನ್ನು ಜರ್ಮನಿಯ ಮನೆಮನೆಯ ವಿದ್ಯುತ್ ಬಿಲ್ ಹೊತ್ತಿತ್ತು. ಆಸ್ಟ್ರೇಲಿಯಾದ ತೆರಿಗೆದಾರ, ಜರ್ಮನಿಯ ಬಳಕೆದಾರ, ಚೀನಾದ ನಗರಾಡಳಿತ ಸೇರಿ ಮಾಡಿದ ಅಡುಗೆಯನ್ನು ನಾವು ಇವತ್ತು ಯೂನಿಟ್ಟಿಗೆ ಎರಡೂವರೆ ರೂಪಾಯಿಗೆ ಉಣ್ಣುತ್ತಿದ್ದೇವೆ. 2010ರಲ್ಲಿ ನಮ್ಮ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ನಿಗದಿ ಮಾಡಿದ್ದ ದರ ಯೂನಿಟ್ಟಿಗೆ 17.91 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44ಕ್ಕೆ ಬಂತು.

ಕಂಪನಿಗಳು ಯಾಕೆ ಹಾಕುವುದಿಲ್ಲ

ಔಷಧ ಕಂಪನಿಯೊಂದು ಹೊಸ ಮಾತ್ರೆ ಕಂಡುಹಿಡಿದರೆ ಪೇಟೆಂಟ್ ಇರುವಷ್ಟು ಕಾಲ ಹತ್ತು ಪಟ್ಟು ಬೆಲೆಗೆ ಮಾರಬಹುದು. ವಿದ್ಯುತ್ತಿಗೆ ಆ ಸೌಲಭ್ಯವಿಲ್ಲ. ಹೊಸ ವಿಜ್ಞಾನದಿಂದ ಬಂದ ಯೂನಿಟ್ಟಿಗೂ ಕಲ್ಲಿದ್ದಲಿನಿಂದ ಬಂದ ಯೂನಿಟ್ಟಿಗೂ ತಂತಿಯಲ್ಲಿ ವ್ಯತ್ಯಾಸವಿಲ್ಲ. ನಮ್ಮ ಟೆಂಡರುಗಳಲ್ಲಿ ಗೆಲ್ಲುವುದು ಅತಿ ಕಡಿಮೆ ದರ ಕೂಗಿದವರು. ಪೈಸೆ ಪೈಸೆಗೆ ಪೈಪೋಟಿ ಇರುವಲ್ಲಿ ಸೌರ ಪಾರ್ಕ್ ನಡೆಸುವ ಕಂಪನಿ ಸಂಶೋಧನೆಗೆ ಹಣ ಎತ್ತಿಡುವುದಾದರೂ ಎಲ್ಲಿಂದ? ಎತ್ತಿಟ್ಟು ಏನಾದರೂ ಕಲಿತರೂ ಆ ಪಾಠ ಪಕ್ಕದವರಿಗೂ ಬಿಟ್ಟಿಯಾಗಿ ಸಿಗುತ್ತದೆ. ಉಪಕರಣ ತಯಾರಕರ ಸ್ಥಿತಿ ಸ್ವಲ್ಪ ವಾಸಿ. ಚೀನಾದ ಲೋಂಗಿಯಂಥ ಕಂಪನಿಗಳು ಸಿಲಿಕಾನ್ ಮತ್ತು ಇನ್ನೊಂದು ಬಗೆಯ ಸೌರಕೋಶ ವಸ್ತುವಾದ ಪೆರೋವ್‌ಸ್ಕೈಟ್ ಜೋಡಿಸಿದ ಕೋಶದಲ್ಲಿ ಶೇ. 34ರ ದಕ್ಷತೆ ದಾಟಿ ದಾಖಲೆ ಬರೆಯುತ್ತಿರುವುದು ಅವು ಕೋಶವನ್ನೇ ಮಾರುವುದರಿಂದ.

ಭಾರತದಲ್ಲಿ ಈ ಸಹಜ ಹಿಂಜರಿಕೆಯ ಮೇಲೆ ಇನ್ನೊಂದು ಹೊರೆ ಬಿದ್ದಿದೆ. 2020–21ರಲ್ಲಿ ದೇಶದ ಒಟ್ಟು ಸಂಶೋಧನಾ ವೆಚ್ಚ ಜಿಡಿಪಿಯ ಶೇ. 0.64. ಚೀನಾದ್ದು ಶೇ. 2.4ರ ಆಸುಪಾಸು. ನಮ್ಮ ವೆಚ್ಚದಲ್ಲಿ ಖಾಸಗಿ ಉದ್ಯಮದ ಪಾಲು ಶೇ. 36ರಷ್ಟು, ಚೀನಾ, ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಮುಕ್ಕಾಲು ಭಾಗವನ್ನು ಉದ್ಯಮವೇ ಹೊರುತ್ತದೆ. ಒಂದು ಕಾಲಕ್ಕೆ ಕಂಪನಿಯೊಳಗಿನ ಸಂಶೋಧನೆಗೆ ಖರ್ಚಿನ ಎರಡು ಪಟ್ಟು ಮೊತ್ತವನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಅವಕಾಶವಿತ್ತು. 2017ರಲ್ಲಿ ಅದನ್ನು ಒಂದೂವರೆ ಪಟ್ಟಿಗೆ, 2020ರಲ್ಲಿ ಒಂದು ಪಟ್ಟಿಗೆ ಇಳಿಸಲಾಯಿತು. ಕಾರ್ಪೊರೇಟ್ ತೆರಿಗೆ ಇಳಿಸಿದ್ದೇವಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಆದರೆ ತೆರಿಗೆ ಇಳಿಕೆ ಎಲ್ಲರಿಗೂ ಸಿಕ್ಕಿತು, ಪ್ರಯೋಗಾಲಯ ಇಟ್ಟವರಿಗೂ ಇಡದವರಿಗೂ.

ಹೀಗಾಗಿ ನಮ್ಮ ದೊಡ್ಡ ಉದ್ಯಮಗಳು ತಂತ್ರಜ್ಞಾನ ಬೇಕಾದಾಗ ಹೊರಗೆ ಹೋಗಿ ಕೊಳ್ಳುತ್ತವೆ. ರಿಲಯನ್ಸ್ 2021ರಲ್ಲಿ ಆರ್‌ಇಸಿ ಸೋಲಾರ್ ಕಂಪನಿಯನ್ನು 77 ಕೋಟಿ ಡಾಲರಿಗೆ ಕೊಂಡಿತು. ಅದರ ಬೆನ್ನಿಗೇ ಸೋಡಿಯಂ ಅಯಾನ್ ಬ್ಯಾಟರಿಯ ಬ್ರಿಟಿಷ್ ಕಂಪನಿ ಫ್ಯಾರಡಿಯಾನ್‌ಗೆ 10 ಕೋಟಿ ಪೌಂಡ್ ಬೆಲೆ ಕಟ್ಟಿತು. ಇದು ವ್ಯಾಪಾರದ ಜಾಣ ನಡೆಯೇ. ಆದರೆ ಅದೇ ಸೋಡಿಯಂ ಬ್ಯಾಟರಿಯ ಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ. 80 ಚಾರ್ಜ್ ಆಗುವ, 3,000 ಸಲ ಚಾರ್ಜ್ ಮಾಡಿ ಬಳಸಬಹುದಾದ ಕೋಶ ಮಾಡಿರುವುದಾಗಿ 2025ರಲ್ಲಿ ಪ್ರಕಟಿಸಿದೆ. ಪ್ರಯೋಗಾಲಯದ ಕೋಶಕ್ಕೂ ಆಟೊರಿಕ್ಷಾದಲ್ಲಿ ಕೂರುವ ಬ್ಯಾಟರಿಗೂ ನಡುವೆ ದೂರ ಬಹಳ. ಆ ದೂರ ಕ್ರಮಿಸಲು ಬೇಕಾದ ಹಣ ಕೊಡುವವರು ಯಾರು ಎಂಬುದೇ ಈ ಲೇಖನದ ಪ್ರಶ್ನೆ.

ನಡುವಿನ ಹಾದಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುಭವವನ್ನೇ ನೋಡಿ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರವನ್ನು ಆರಂಭಿಸಿದರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಇವತ್ತಿಗೂ ಹೆಸರು ಹಿಡಿದು ನೆನೆಯುತ್ತಾರೆ. ಅದೇ ಆವರಣದಲ್ಲಿ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಕಟ್ಟಿಗೆ, ಕೃಷಿ ತ್ಯಾಜ್ಯಗಳನ್ನು ಅನಿಲವಾಗಿಸಿ ಎಂಜಿನ್ ಓಡಿಸುವ ಗ್ಯಾಸಿಫೈಯರ್ ಮೇಲೆ ಕೆಲಸ ಮಾಡಿದರು. 1980ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅಂಥದೊಂದು ಘಟಕ ಕೂತು ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ನಡೆಸಿತು. ಹಣ ಸರ್ಕಾರದ್ದು. ಯಾವ ಕಂಪನಿಯೂ ಆ ಹಳ್ಳಿಯಲ್ಲಿ ಲಾಭ ಕಾಣುತ್ತಿರಲಿಲ್ಲ.

ಆ ವಿದ್ಯೆ ಅಲ್ಲೇ ನಿಲ್ಲಲಿಲ್ಲ. 2022ರಲ್ಲಿ ಅದೇ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಕೃಷಿ ತ್ಯಾಜ್ಯದಿಂದ ಹೈಡ್ರೋಜನ್ ತೆಗೆಯುವ ವಿಧಾನವನ್ನು ಪ್ರಕಟಿಸಿತು. ಒಂದು ಕಿಲೊ ಜೈವಿಕ ತ್ಯಾಜ್ಯದಲ್ಲಿ ಇರುವ ಹೈಡ್ರೋಜನ್ ಸುಮಾರು 60 ಗ್ರಾಂ. ಇವರು ತೆಗೆದದ್ದು 100 ಗ್ರಾಂ. ಆಮ್ಲಜನಕದ ಜೊತೆ ಹಬೆಯನ್ನೂ ಒಳಗೆ ಬಿಡುವುದರಿಂದ ನೀರಿನಲ್ಲಿರುವ ಹೈಡ್ರೋಜನ್ ಸಹ ಬಿಡುಗಡೆಯಾಗುತ್ತದೆ. ಹೆಚ್ಚುವರಿ 40 ಗ್ರಾಂ ಬಂದದ್ದು ಅಲ್ಲಿಂದ. ಈ ಕೆಲಸಕ್ಕೆ ನವೀಕರಿಸಬಹುದಾದ ಇಂಧನ ಸಚಿವಾಲಯ ಮತ್ತು ವಿಜ್ಞಾನ ಇಲಾಖೆ ಹಣ ಕೊಟ್ಟವು. ದಿನಕ್ಕೆ ಕಾಲು ಟನ್ ಉತ್ಪಾದಿಸಿ ಹೈಡ್ರೋಜನ್‌ನಿಂದ ವಿದ್ಯುತ್ ಮಾಡಿಕೊಂಡು ಓಡುವ ಫ್ಯೂಯೆಲ್ ಸೆಲ್ ಬಸ್ಸುಗಳಿಗೆ ತುಂಬುವ ಮಟ್ಟಕ್ಕೆ ಅದನ್ನು ದೊಡ್ಡದು ಮಾಡಲು ಇಂಡಿಯನ್ ಆಯಿಲ್ ಕೈಜೋಡಿಸಿತು. ಹೊಸಹಳ್ಳಿಯಿಂದ ಇಲ್ಲಿಗೆ ಮೂರು ದಶಕ ದಾಟಿದೆ. ಇಂಡಿಯನ್ ಆಯಿಲ್ ಸಹ ಸರ್ಕಾರಿ ಸ್ವಾಮ್ಯದ್ದೇ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಉದ್ಯಮ ಸಂಶೋಧನೆಗೆ ಕೈಹಾಕಿತು ಎಂದಾಗ ಆ ಕೈ ಹಲವು ಸಲ ಸಾರ್ವಜನಿಕ ಉದ್ಯಮದ್ದೇ ಆಗಿರುತ್ತದೆ.

ಎಲ್ಲ ಪ್ರಯತ್ನಕ್ಕೂ ಇಂಥ ಅದೃಷ್ಟವಿಲ್ಲ. ಇಸ್ರೊ ತನ್ನ ಉಪಗ್ರಹಗಳಿಗೆಂದು ರೂಪಿಸಿದ ಲಿಥಿಯಂ ಅಯಾನ್ ಕೋಶದ ತಂತ್ರಜ್ಞಾನವನ್ನು 2018ರಲ್ಲಿ ಒಂದು ಕೋಟಿ ರೂಪಾಯಿ ಶುಲ್ಕಕ್ಕೆ ಉದ್ಯಮಗಳಿಗೆ ಕೊಡಲು ಮುಂದೆ ಬಂತು. ನೂರಕ್ಕೂ ಹೆಚ್ಚು ಕಂಪನಿಗಳು ಆಸಕ್ತಿ ತೋರಿಸಿದವು. ಆದರೆ ಇವತ್ತಿಗೂ ನಮ್ಮ ಸ್ಕೂಟರ್, ಫೋನುಗಳ ಕೋಶಗಳು ಬಹುಪಾಲು ಆಮದೇ. ಉಪಗ್ರಹದ ಕೋಶಕ್ಕೆ ಬೆಲೆ ಮುಖ್ಯವಲ್ಲ, ನೂರಿನ್ನೂರು ಕೋಶ ಮಾಡಿದರೆ ಸಾಕು. ಸ್ಕೂಟರಿಗೆ ಅದೇ ಗುಣಮಟ್ಟದ ಕೋಶ ಲಕ್ಷಗಟ್ಟಲೆ, ಅಗ್ಗಕ್ಕೆ, ಒಂದರಂತೆ ಇನ್ನೊಂದು ಬರಬೇಕು. ಅದನ್ನು ಸಾಧಿಸಲು ಬೇಕಾದ ಪ್ರಾಯೋಗಿಕ ಉತ್ಪಾದನಾ ಸಾಲು, ಅದರ ಎಂಜಿನಿಯರುಗಳು, ನಾಲ್ಕೈದು ವರ್ಷದ ನಷ್ಟ, ಇವನ್ನು ಹೊರಲು ಯಾರೂ ಇರಲಿಲ್ಲ. 2021ರಲ್ಲಿ ಬಂದ 18,100 ಕೋಟಿಯ ಬ್ಯಾಟರಿ ಪಿಎಲ್‌ಐ ನೇರವಾಗಿ ದೊಡ್ಡ ಕಾರ್ಖಾನೆಗೆ ಜಿಗಿಯಿತು. 50 ಗಿಗಾವ್ಯಾಟ್-ಗಂಟೆ ಸಾಮರ್ಥ್ಯದ ಗುರಿಯಲ್ಲಿ ಅವಧಿಯೊಳಗೆ ಕೆಲಸ ಶುರುವಾದದ್ದು ಅತ್ಯಲ್ಪ.

ಪ್ರಾಯೋಗಿಕ ಸಾಲು ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಸೌರಕೋಶದ ಮೇಲಿನ ಬೆಳ್ಳಿಯನ್ನು ನೋಡಬೇಕು. ಫಲಕದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರೆ ನೀಲಿ ಕೋಶದ ಮೇಲೆ ಕೂದಲಿಗಿಂತ ತೆಳುವಾದ ಗೆರೆಗಳು ಸಾಲಾಗಿ ಕಾಣುತ್ತವೆ. ವಿದ್ಯುತ್ತನ್ನು ಕೂಡಿಹಾಕಿ ಸಾಗಿಸುವ ಕಾಲುವೆಗಳವು. ಬೆಳ್ಳಿಯ ಪೇಸ್ಟನ್ನು ಜಾಲರಿಯ ಮೂಲಕ ಒತ್ತಿ ಅಚ್ಚು ಹಾಕಿ, ಕುಲುಮೆಯಲ್ಲಿ ಸುಟ್ಟು ಕೂರಿಸುತ್ತಾರೆ. ಪರ್ಕ್ ನಂತರ ಬಂದ ಟಾಪ್‌ಕಾನ್ ವಿನ್ಯಾಸದ ಈಗಿನ ಕೋಶಗಳಲ್ಲಿ ಎರಡೂ ಬದಿಗೆ ಬೆಳ್ಳಿ ಬೇಕು. ಬೆಳ್ಳಿಯ ದರ ಏರಿದಂತೆಲ್ಲ ಕೋಶದ ದರವೂ ಏರುತ್ತದೆ. ಅದರ ಬದಲು ತಾಮ್ರ ಬಳಸಬಹುದು. ಆದರೆ ತಾಮ್ರ ಸಿಲಿಕಾನ್ ಒಳಗೆ ಇಳಿದು ಕೋಶವನ್ನು ಹಾಳು ಮಾಡುತ್ತದೆ, ತಡೆಗೊಂದು ಪದರ ಹಾಕಬೇಕು. ಆ ಪದರ ಸರಿಯಾಗಿ ಕೂರುತ್ತದೆಯೇ ಎಂಬುದು ವಿದ್ಯಾರ್ಥಿಯೊಬ್ಬ ಪ್ರಯೋಗಾಲಯದಲ್ಲಿ ಜೋಪಾನವಾಗಿ ಮಾಡಿದ ಹತ್ತು ಕೋಶಗಳಿಂದ ಗೊತ್ತಾಗುವುದಿಲ್ಲ. ಗಂಟೆಗೆ ಸಾವಿರಾರು ಕೋಶ ಹರಿದುಹೋಗುವ ಸಾಲಿನಲ್ಲಿ ಹಗಲು ರಾತ್ರಿ ಓಡಿಸಿ ನೋಡಬೇಕು. ಕಾಲೇಜಿಗೆ ಅಂಥ ಸಾಲು ಕೊಳ್ಳುವ ಶಕ್ತಿಯಿಲ್ಲ. ಕಂಪನಿಗೆ ತನ್ನ ಓಡುತ್ತಿರುವ ಸಾಲನ್ನು ಪ್ರಯೋಗಕ್ಕೆ ನಿಲ್ಲಿಸಲು ಮನಸ್ಸಿಲ್ಲ.

ಜರ್ಮನಿ ಇದಕ್ಕೆ ಉತ್ತರ ಕಂಡುಕೊಂಡು ಬಹಳ ಕಾಲವಾಯಿತು. ಫ್ರೈಬುರ್ಗ್‌ನಲ್ಲಿ 1981ರಲ್ಲಿ ಶುರುವಾದ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯಲ್ಲಿ ಕಾರ್ಖಾನೆಯಂತೆಯೇ ಇರುವ ಸಾಲುಗಳಿವೆ. ಫ್ರೌನ್‌ಹೋಫರ್ ಸಂಸ್ಥೆಗಳ ಪದ್ಧತಿಯಲ್ಲಿ ಖರ್ಚಿನ ಸುಮಾರು ಮೂರನೇ ಒಂದು ಭಾಗ ಸರ್ಕಾರದ ಖಾಯಂ ನೆರವು, ಉಳಿದದ್ದನ್ನು ಉದ್ಯಮದ ಗುತ್ತಿಗೆಗಳಿಂದ, ಸ್ಪರ್ಧಾತ್ಮಕ ಯೋಜನೆಗಳಿಂದ ಸಂಸ್ಥೆಯೇ ದುಡಿದುಕೊಳ್ಳಬೇಕು. ಕಂಪನಿ ತನ್ನ ಸಮಸ್ಯೆ ಹೊತ್ತು ಅಲ್ಲಿಗೆ ಬರುತ್ತದೆ, ಬಾಡಿಗೆ ಕೊಟ್ಟು ಸಾಲು ಓಡಿಸುತ್ತದೆ. ನಮ್ಮ ಬೆಂಗಳೂರಿನಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಟ್ರಾನ್ಸ್‌ಫಾರ್ಮರ್, ಕೇಬಲ್ ಪರೀಕ್ಷೆಯಲ್ಲಿ ಹೀಗೆಯೇ ಉದ್ಯಮಕ್ಕೆ ಆಸರೆಯಾಗಿದೆ. ಕಂಪನಿಗಳು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿಕೊಳ್ಳುತ್ತವೆ. ಆ ಪರಿಪಾಠವನ್ನು ಸೌರಕೋಶ, ಬ್ಯಾಟರಿ, ಎಲೆಕ್ಟ್ರೊಲೈಸರ್‌ಗೆ ವಿಸ್ತರಿಸಲು ಹೊಸ ಸಿದ್ಧಾಂತವೇನೂ ಬೇಕಿಲ್ಲ.

ಎತ್ತಿಟ್ಟ ಹಣ ಎಲ್ಲಿಗೆ ಹೋಯಿತು

ಹಣವೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. 2010ರ ಬಜೆಟ್‌ನಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ, ಶುದ್ಧ ಇಂಧನದ ಸಂಶೋಧನೆ ಮತ್ತು ಹೊಸ ಬಗೆಯ ಯೋಜನೆಗಳಿಗೆಂದೇ ರಾಷ್ಟ್ರೀಯ ಶುದ್ಧ ಇಂಧನ ನಿಧಿ ಸ್ಥಾಪಿಸಲಾಯಿತು. ಕೊಳಕು ಮಾಡುವ ಇಂಧನದಿಂದ ಶುದ್ಧ ಇಂಧನಕ್ಕೆ ಹಣ. ಇದಕ್ಕಿಂತ ಸರಳ, ನ್ಯಾಯಯುತ ಏರ್ಪಾಡು ಹೊಳೆಯುವುದು ಕಷ್ಟ. ಸೆಸ್ ಏರುತ್ತ 2016ಕ್ಕೆ ಟನ್ನಿಗೆ 400 ರೂಪಾಯಿ ತಲುಪಿತು. 2010–11ರಿಂದ 2017–18ರವರೆಗೆ ಸಂಗ್ರಹವಾದದ್ದು 86,440 ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ವರ್ಗವಾದದ್ದು 29,645 ಕೋಟಿ. ಅದರಲ್ಲೂ ಯೋಜನೆಗಳಿಗೆ ಬಳಕೆಯಾದದ್ದು 15,911 ಕೋಟಿ. ಆ ಬಳಕೆಯ ಒಂದು ಭಾಗ ಗಂಗಾ ಶುದ್ಧೀಕರಣದಂಥ ಕೆಲಸಗಳಿಗೆ ಹೋಯಿತು. ಗಂಗೆ ಶುದ್ಧವಾಗಲಿ, ಅದಕ್ಕೆ ಬೇರೆ ಹಣ ಕೊಡಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ ರಾಜ್ಯಗಳ ನಷ್ಟ ಪರಿಹಾರದ ಸೆಸ್‌ನಲ್ಲಿ ಕರಗಿಹೋಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ. 5ರಿಂದ 18ಕ್ಕೆ ಏರಿಸಿದರು. ಶುದ್ಧ ಇಂಧನ ಎಂಬ ಹೆಸರು ಈಗ ಆ ತೆರಿಗೆಯ ಹತ್ತಿರವೂ ಇಲ್ಲ. ಎಂಟು ವರ್ಷದ ಆ 86 ಸಾವಿರ ಕೋಟಿಯಲ್ಲಿ ಹತ್ತರಲ್ಲೊಂದು ಪಾಲಾದರೂ ಪ್ರಯೋಗಾಲಯಗಳಿಗೆ, ಪ್ರಾಯೋಗಿಕ ಸಾಲುಗಳಿಗೆ ಹೋಗಿದ್ದರೆ ಇವತ್ತು ನಮ್ಮ ಸ್ಥಿತಿ ಬೇರೆ ಇರುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಈಗ ಹೊಸ ನಿಧಿ ಬಂದಿದೆ. 2025ರ ಜುಲೈಯಲ್ಲಿ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆ ಖಾಸಗಿ ವಲಯಕ್ಕೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ ಕೊಡುತ್ತದೆ, ಕೆಲವೆಡೆ ಷೇರು ಬಂಡವಾಳವನ್ನೂ ಹಾಕುತ್ತದೆ. ಇಂಧನ ಅದರ ಆದ್ಯತೆಯ ಕ್ಷೇತ್ರಗಳಲ್ಲೊಂದು. ಪ್ರಯೋಗಾಲಯದಲ್ಲಿ ಸಾಧ್ಯವೆಂದು ತೋರಿಸಿಯಾದ ತಂತ್ರಜ್ಞಾನಗಳಿಗೆ ಮಾತ್ರ ಇದು ಅನ್ವಯ. ನಾನು ಹೇಳಿದ ನಡುವಿನ ಹಾದಿಗೆ ಹಣ ಕೊನೆಗೂ ಬಂತೆಂಬುದಕ್ಕೆ ಇದನ್ನು ಸ್ವಾಗತಿಸಬೇಕು. ಆದರೆ ಮೊದಲ ಮೆಟ್ಟಿಲಿನ ಮೂಲ ಸಂಶೋಧನೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕಿರುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಐದು ವರ್ಷದ 50,000 ಕೋಟಿಯಲ್ಲಿ ಬಹುಪಾಲು, ಸುಮಾರು 36,000 ಕೋಟಿ, ಉದ್ಯಮ ಮತ್ತಿತರ ಮೂಲಗಳಿಂದ ಬರಬೇಕೆಂಬುದು ಲೆಕ್ಕಾಚಾರ. ಇಲ್ಲಿಯವರೆಗೆ ಕೊಡದ ಉದ್ಯಮ ಈಗ ಯಾಕೆ ಕೊಡುತ್ತದೆ? ಸ್ವಇಚ್ಛೆಯಿಂದ ಕೊಡುತ್ತದೆಂಬ ನಂಬಿಕೆ ನನಗಿಲ್ಲ.

ಸರ್ಕಾರದ ದುಡ್ಡು ಮುಳುಗಿದರೆ ಎಂಬ ಭಯವೂ ಸಣ್ಣದಲ್ಲ. ಅಮೆರಿಕದ ಇಂಧನ ಇಲಾಖೆ ಸಾಲ ಖಾತರಿ ಕೊಟ್ಟ ಸೊಲಿಂಡ್ರಾ ಎಂಬ ಸೌರ ಕಂಪನಿ 2011ರಲ್ಲಿ ದಿವಾಳಿಯಾಗಿ 53.5 ಕೋಟಿ ಡಾಲರ್ ಸಾಲ ಮುಳುಗಿತು. ವರ್ಷಗಟ್ಟಲೆ ಅದೇ ರಾಜಕೀಯದ ಮಾತಾಯಿತು. ಅದೇ ಇಲಾಖೆಯಿಂದ 46.5 ಕೋಟಿ ಡಾಲರ್ ಸಾಲ ಪಡೆದ ಟೆಸ್ಲಾ 2013ರಲ್ಲಿ ಅವಧಿಗೆ ಮೊದಲೇ ತೀರಿಸಿತು. ಮುಳುಗಿದ್ದು ಪೂರ್ತಿ ಜನರ ಲೆಕ್ಕಕ್ಕೆ. ಗೆದ್ದ ಕಡೆಯಿಂದ ಜನರಿಗೆ ಬಂದದ್ದು ಅಸಲು ಮತ್ತು ಬಡ್ಡಿ. ನಮ್ಮ ಹೊಸ ಯೋಜನೆಯಲ್ಲಿ ಷೇರು ಬಂಡವಾಳಕ್ಕೆ ಅವಕಾಶ ಇರುವುದು ಈ ಕಾರಣಕ್ಕೆ ಒಳ್ಳೆಯದು. ಹತ್ತರಲ್ಲಿ ಏಳು ಸೋಲುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಗೆದ್ದ ಮೂರರಲ್ಲಿ ಪಾಲು ಇಟ್ಟುಕೊಳ್ಳಬೇಕು. ಸೋತ ಪ್ರತಿ ಯೋಜನೆಗೂ ಅಧಿಕಾರಿಯನ್ನು ತನಿಖೆಗೆ ಎಳೆದರೆ ಮುಂದೆ ಯಾರೂ ಕಡತಕ್ಕೆ ಸಹಿ ಹಾಕುವುದಿಲ್ಲ.

ಕೊಡುವಾಗ ಕೇಳಬೇಕಾದದ್ದು

ಪಿಎಲ್‌ಐ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವಿದೆ: ಫಲಕದ ದಕ್ಷತೆ ಹೆಚ್ಚಿದ್ದಷ್ಟೂ ಪ್ರೋತ್ಸಾಹಧನ ಹೆಚ್ಚು. ಆದರೆ ದಕ್ಷತೆಯನ್ನು ಚೀನಾದ ಹೊಸ ಯಂತ್ರಸಾಲು ತರಿಸಿಕೊಂಡೂ ಗಳಿಸಬಹುದು. ದೇಶದ ಫಲಕ ತಯಾರಿಕಾ ಸಾಮರ್ಥ್ಯ 2025ರಲ್ಲಿ 100 ಗಿಗಾವ್ಯಾಟ್ ದಾಟಿತು. ಕೋಶದ ಸಾಮರ್ಥ್ಯ ಅದರ ಹತ್ತಿರಕ್ಕೂ ಇಲ್ಲ, ಕೋಶ ಮಾಡುವ ಸಿಲಿಕಾನ್ ಬಿಲ್ಲೆಯಾದ ವೇಫರ್ ಮತ್ತು ಅದರ ಕಚ್ಚಾವಸ್ತುವಾದ ಶುದ್ಧ ಸಿಲಿಕಾನ್, ಅಂದರೆ ಪಾಲಿಸಿಲಿಕಾನ್‌ಗೆ ಚೀನಾವೇ ಗತಿ. ಸರ್ಕಾರ ಅಂಗೀಕೃತ ತಯಾರಕರ ಪಟ್ಟಿಯ ಮೂಲಕ ಹೊರಗಿನ ಫಲಕಕ್ಕೆ ಬಾಗಿಲು ಹಾಕಿದೆ, 2026ರ ಜೂನ್‌ನಿಂದ ಕೋಶಕ್ಕೂ ಅದೇ ನಿಯಮ. ಹೊರಗಿನ ಅಗ್ಗದ ಕೋಶ ಬಾರದಿದ್ದಾಗ ಹೆಚ್ಚುವರಿ ಬೆಲೆಯನ್ನು ಕೊನೆಗೆ ಕಟ್ಟುವುದು ವಿದ್ಯುತ್ ಬಳಸುವ ನೀವು, ನಾವು. ತೆರಿಗೆಯಿಂದ ಪ್ರೋತ್ಸಾಹಧನ, ಬಿಲ್ಲಿನಿಂದ ರಕ್ಷಣೆ, ಎರಡೂ ಕಡೆ ಜನರ ಹಣ. ಎಟಿ ಅಂಡ್ ಟಿಗೆ ಖಾತ್ರಿ ಲಾಭ ಕೊಟ್ಟಾಗ ಅಮೆರಿಕಕ್ಕೆ ಬೆಲ್ ಲ್ಯಾಬ್ಸ್ ಸಿಕ್ಕಿತು. ನಮ್ಮ ಖಾತ್ರಿ ಮಾರುಕಟ್ಟೆಗೆ ಬದಲಾಗಿ ಏನು ಸಿಗುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಯಬೇಕಿತ್ತು.

ಬರೆಯುವುದು ಈಗಲೂ ಕಷ್ಟವೇನಲ್ಲ. ಮಂಜೂರಾದ ಪ್ರೋತ್ಸಾಹಧನದಲ್ಲಿ ಶೇ. 2ರಷ್ಟನ್ನು ದೇಶದ ಯಾವುದಾದರೂ ಸಂಶೋಧನಾ ಸಂಸ್ಥೆಯೊಂದಿಗೆ ಜಂಟಿ ಕೆಲಸಕ್ಕೆ ಹಾಕಬೇಕು ಎಂದಿದ್ದರೆ 24,000 ಕೋಟಿಯಲ್ಲಿ 480 ಕೋಟಿಯಾಗುತ್ತಿತ್ತು, ಸಚಿವಾಲಯದ ಐದು ವರ್ಷದ ಸಂಶೋಧನಾ ಅನುದಾನದ ಎರಡರಷ್ಟು. ಮುಂದೆ ವೇಫರ್‌ಗೆ, ಬ್ಯಾಟರಿಗೆ, ಎಲೆಕ್ಟ್ರೊಲೈಸರ್‌ಗೆ ಬೆಂಬಲ ಕೊಡುವಾಗ ಈ ಷರತ್ತು ಇರಲಿ. ಕಂಪನಿ ಆ ಹಣವನ್ನು ಸರ್ಕಾರಕ್ಕೆ ಕಟ್ಟುವುದು ಬೇಡ. ತನಗೆ ಬೇಕಾದ ಸಮಸ್ಯೆಯ ಮೇಲೆ, ತಾನು ಆರಿಸಿದ ಪ್ರಯೋಗಾಲಯದಲ್ಲಿ ಖರ್ಚು ಮಾಡಲಿ. ಆಗ ಪ್ರಾಧ್ಯಾಪಕರಿಗೂ ಕಾರ್ಖಾನೆಯ ನಿಜವಾದ ತಲೆನೋವು ಏನೆಂದು ತಿಳಿಯುತ್ತದೆ.

ಕೆಲವು ಸಂಶೋಧನೆ ಮಾತ್ರ ಯಾವ ಷರತ್ತಿಗೂ ಕಂಪನಿಯಿಂದ ಬರುವುದಿಲ್ಲ, ಅದನ್ನು ಸರ್ಕಾರವೇ ಮಾಡಬೇಕು. ಪಾವಗಡವನ್ನು ತೆಗೆದುಕೊಳ್ಳಿ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಫಲಕಗಳಿವೆ. ರೈತರು ಭೂಮಿ ಮಾರದೆ ಗುತ್ತಿಗೆಗೆ ಕೊಟ್ಟ ಜಾಗ ಅದು. ಫಲಕದ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿನ ಏಪ್ರಿಲ್ ಮಧ್ಯಾಹ್ನ ಕೋಶದ ಬಿಸಿ 60 ಡಿಗ್ರಿ ದಾಟುತ್ತದೆ, ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇಲೆ ಕೆಂಪು ಧೂಳು, ತೊಳೆಯಲು ನೀರಿಲ್ಲದ ಬರದ ಸೀಮೆ. ಇಂಥ ಕಡೆ ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆಯೇ? ಐಐಟಿ ಬಾಂಬೆಯ ರಾಷ್ಟ್ರೀಯ ಸೌರಕೋಶ ಸಂಶೋಧನಾ ಕೇಂದ್ರ ಸರ್ಕಾರದ ಹಣದಲ್ಲಿ ದೇಶದ ನಾನಾ ಕಡೆಯ ಫಲಕಗಳನ್ನು ಸಮೀಕ್ಷೆ ಮಾಡಿ, ಬಿಸಿ ಪ್ರದೇಶಗಳಲ್ಲಿ ಅವು ಬೇಗ ಕ್ಷೀಣಿಸುತ್ತವೆ ಎಂದು ತೋರಿಸಿತು. ತನ್ನ ಫಲಕ ಎಷ್ಟು ಬೇಗ ಸೊರಗುತ್ತದೆ ಎಂದು ಯಾವ ಕಂಪನಿಯೂ ತಾನಾಗಿ ಪ್ರಕಟಿಸುವುದಿಲ್ಲ. ಜರ್ಮನಿಯವರಿಗೂ ಚೀನಾದವರಿಗೂ ನಮ್ಮ ಧೂಳಿನ ಬಗ್ಗೆ ಕುತೂಹಲವಿರಬೇಕಾಗಿಲ್ಲ.

ಪಾವಗಡ ಪೂರ್ತಿ ಸಾಮರ್ಥ್ಯಕ್ಕೆ ಬಂದದ್ದು 2019ರಲ್ಲಿ. ಅಂದಿನಿಂದ ಪ್ರತಿ ಇನ್ವರ್ಟರ್ ಎಷ್ಟು ವಿದ್ಯುತ್ ಕೊಟ್ಟಿತು, ಯಾವ ಬಿಸಿಯಲ್ಲಿ, ತೊಳೆದ ಎಷ್ಟು ದಿನಕ್ಕೆ ಎಂಬ ದಾಖಲೆ ಆಯಾ ಕಂಪನಿಗಳ ಕಂಪ್ಯೂಟರುಗಳಲ್ಲಿ ರಾಶಿಯಾಗಿ ಬಿದ್ದಿದೆ. ರಾಜ್ಯ ಸರ್ಕಾರ ಮುಂದಿನ ಸೌರ ಪಾರ್ಕುಗಳ ಒಪ್ಪಂದದಲ್ಲಿ ಒಂದು ಕಲಮು ಸೇರಿಸಿ, ಕಂಪನಿಯ ಹೆಸರು ಮರೆಮಾಡಿಯಾದರೂ ಈ ದಾಖಲೆಗಳನ್ನು ವರ್ಷಕ್ಕೊಮ್ಮೆ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕೊಡಬೇಕೆಂದು ಹೇಳಬಹುದು. ಅದಕ್ಕೆ ದೆಹಲಿಯ ಅನುಮತಿ ಬೇಡ, ಖಜಾನೆಯಿಂದ ಹೆಚ್ಚು ಹಣವೂ ಬೇಡ. ತುಮಕೂರಿನ, ಬಳ್ಳಾರಿಯ, ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹತ್ತು ವರ್ಷಕ್ಕಾಗುವಷ್ಟು ಕೆಲಸ ಅದರಲ್ಲಿದೆ.